ಮಗಳ ಡಬಲ್ ಪ್ರಮೋಷನ್

ನ್ಯೂಜಿಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿದ್ದಾಗ ನನ್ನ ಹನ್ನೊಂದರ ಮಗಳು ಬೇಸ್‌ಬಾಲ್‌ನಂಥ ಸಾಫ್ಟ್‌ಬಾಲ್‌ ಆಟದಲ್ಲಿ ಚೆನ್ನಾಗಿ ಚೆಂಡೆಸೆಯತೊಡಗಿದಳು. ಅವಳನ್ನು ದೊಡ್ಡ ಹುಡುಗಿಯರ ತಂಡಕ್ಕೆ ಏರಿಸಿ ಎಂದು ಕೋಚ್ ಆಂಟಿಯ ಬೆನ್ನು ಬಿದ್ದೆ. ಎರಡನೇ ಕ್ಲಾಸಿನಿಂದ ನೇರ ನಾಲ್ಕಕ್ಕೆ ಡಬಲ್ ಪ್ರಮೋಷನ್ ಪಡೆದವನು ನಾನು. ಮಗಳು ಹಿಂದೆ ಬಿದ್ದಾಳೆಂಬ ಚಿಂತೆ.

“ಅವಳ ಭುಜ ಇನ್ನೂ ಬೆಳೀತಿದೆ. ಈ ವರ್ಷ ಗೆಳತಿಯರ ಜೊತೆಗೇ ಆಡಲಿ,” ಎಂದರು ಆಕೆ.

ಮನೆಯಲ್ಲಿ ದೂರು ಹೇಳಿದರೆ ಹೆಂಡತಿ, “ಮೂರನೇ ಕ್ಲಾಸ್ ಹಾರಿದ್ದಕ್ಕೇ ಅಲ್ವೇನ್ರೀ, ನೀವು ಇವತ್ತಿಗೂ ಭಾಗಾಕಾರ ನನ್ನ ಕೈಲಿ ಮಾಡ್ಸೋದು?” ಎಂದಳು.

ಮಗಳು ಆ ವರ್ಷ ಸೋತ ದಿನವೂ ನಗುತ್ತಲೇ ಮನೆಗೆ ಬಂದಳು. ಮರುವರ್ಷ ಕೋಚ್ ತಾವಾಗಿಯೇ, “ಈಗ ಏರಿಸೋಣ,” ಎಂದರು.

“ಇಷ್ಟು ಬೇಗನಾ?” ಎಂದು ಗಾಬರಿಯಾದವನು ನಾನೇ.

ಆ ಕೋಚ್ ಪುಣ್ಯಾತ್ಗಿತ್ತಿ, ಎರಡು ಸಲವೂ ನನ್ನ ಮಾತು ಕೇಳಲಿಲ್ಲ.