ಬಂಡಸಾಲೆಯ ಫಲಕಕ್ಕೆ ನಾನು ಬರೆದದ್ದು

ಪುತ್ತೂರು ಪೇಟೆಯಲ್ಲಿ ಅಡಿಕೆ ದಾಸ್ತಾನು ಮಾಡುತ್ತಿದ್ದ ಹಳೆಯ ಬಂಡಸಾಲೆಯೊಂದನ್ನು ಕೆಲವು ವರ್ಷಗಳ ಹಿಂದೆ ವಾಚನಾಲಯ ಮಾಡಿದರು. ಬಂಡಸಾಲೆ ಕಟ್ಟಿಸಿದ್ದ ಅಡಿಕೆ ವರ್ತಕರ ಮೊಮ್ಮಗ ಅದನ್ನು ಕೆಡವಿ ಅಂಗಡಿಸಾಲು ಕಟ್ಟಿಸಬಹುದಿತ್ತು, ಕಟ್ಟಿಸಲಿಲ್ಲ. ಮುರಕಲ್ಲಿನ ಗೋಡೆಗೆ ಸುಣ್ಣ ಹೊಡೆಸಿ, ಒಡೆದ ಹೆಂಚು ಬದಲಾಯಿಸಿ, ಒಳಗೆ ಮೇಜು ಕಪಾಟು ಇರಿಸಿದರು. ನಾನು ಆಗಷ್ಟೇ ಕನ್ನಡ ಟೀಚರ್ ಕೆಲಸದಿಂದ ನಿವೃತ್ತಳಾಗಿದ್ದೆ. ಅವರು ಮನೆಗೇ ಬಂದು, "ಕಟ್ಟಡದ ಚರಿತ್ರೆ ಒಂದು ಫಲಕದಲ್ಲಿ ಹಾಕ್ಬೇಕು ಅಂತ ಉಂಟು. ನೀವೇ ಬರೆದುಕೊಡಿ ಟೀಚರ್" ಎಂದರು.

ಅದೇ ಬಂಡಸಾಲೆಯಲ್ಲಿ ನನ್ನ ಅಮ್ಮ ಹದಿನೆಂಟು ವರ್ಷ ಅಡಿಕೆ ಹೆಕ್ಕಿದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಕೆದಂಬಾಡಿಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದರು. ಹನ್ನೆರಡು ಹದಿಮೂರು ಹೆಂಗಸರು ಗೋಣಿ ಹಾಸಿ ಕೂತು, ಒಳ್ಳೆಯ ಅಡಿಕೆ ಒಂದು ರಾಶಿ, ಬಿರುಕು ಬಿಟ್ಟದ್ದು ಒಂದು, ಕಪ್ಪಾದದ್ದು ಇನ್ನೊಂದು ಎಂದು ಬೇರೆ ಮಾಡುವ ಕೆಲಸ. ಸಂಜೆ ಮನೆಗೆ ಬಂದರೆ ಸೀರೆಯೆಲ್ಲ ಅಡಿಕೆ ಧೂಳು. ನಾನು ಓದಿ ಟೀಚರ್ ಆದದ್ದು ಆ ಕೂಲಿಯಿಂದ. ಆದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯಲ್ಲಿ ಯಾರೋ ಕೇಳಿದಾಗ, "ಅಮ್ಮ ಮನೆಯಲ್ಲೇ ಇರುದು" ಎಂದುಬಿಟ್ಟೆ. ಒಮ್ಮೆ ಹೇಳಿದ್ದನ್ನು ಮೂವತ್ತು ವರ್ಷ ಹೇಳಿಕೊಂಡೇ ಬಂದೆ.

ಫಲಕಕ್ಕೆ ವರ್ತಕರ ಬಗ್ಗೆ, ಘಟ್ಟ ಹತ್ತುತ್ತಿದ್ದ ಗಾಡಿಗಳ ಬಗ್ಗೆ, ಹಲಸಿನ ಮರದ ತೊಲೆಗಳ ಬಗ್ಗೆ ಬರೆದೆ. ಓದಿದವರೆಲ್ಲ ಮೆಚ್ಚಿದರು.

ಉದ್ಘಾಟನೆಗೆ ತಾನೂ ಬರುತ್ತೇನೆಂದು ಅಮ್ಮ ಹೊರಟರು. ಬೇಡ ಎನ್ನಲು ನನಗೆ ನೆಪ ಸಿಗಲಿಲ್ಲ. ಒಳಗೆ ಬಂದವರೇ ಬಡಗು ದಿಕ್ಕಿನ ಕಿಟಕಿಯ ಹತ್ತಿರ ಹೋಗಿ, ಹೊಸ ಟೈಲ್ಸ್ ನೆಲವನ್ನು ಬರಿಗಾಲಲ್ಲಿ ಮೆಲ್ಲಗೆ ಒತ್ತಿ ನೋಡಿದರು.

"ಬೆಳಕು ಇಲ್ಲಿ ಒಳ್ಳೆದಿತ್ತು" ಎಂದರು.

ಪಕ್ಕದಲ್ಲಿ ನಮ್ಮ ಶಾಲೆಯ ಹಿಂದಿನ ಹೆಡ್‌ಮಾಸ್ಟರು ನಿಂತಿದ್ದರು. "ಅಮ್ಮ ಮೊದಲು ಇಲ್ಲಿಗೆ ಬಂದದ್ದುಂಟಾ?" ಎಂದು ಕೇಳಿದರು.

ಅಮ್ಮ ಬಾಯಿ ತೆರೆಯುವ ಮೊದಲೇ ನಾನು, "ಅಡಿಕೆ ಕೊಡ್ಲಿಕ್ಕೆ ಬರ್ತಿದ್ರು ಸರ್" ಎಂದೆ. ನಮಗೆ ಒಂದು ಅಡಿಕೆ ಮರವೂ ಇರಲಿಲ್ಲ.

ಅಮ್ಮ ನನ್ನ ಮುಖ ನೋಡಿದರು. ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿ, "ಹೌದು" ಎಂದರು.

ಆಟೋದಲ್ಲಿ ಹಿಂದೆ ಬರುವಾಗ ಕೇಳಿದರು: "ಆ ಬೋರ್ಡಿನಲ್ಲಿ ಎಂತ ಬರೆದದ್ದು ನೀನು?"

ಹೇಳಿದೆ.

"ಹೆಕ್ಕುವವರದ್ದು ಇಲ್ವಾ?"

"ಜಾಗ ಸಾಕಾಗ್ಲಿಲ್ಲ ಅಮ್ಮ."

"ಹಾಂ. ಅಕ್ಷರ ಚಂದ ಉಂಟು" ಎಂದರು. ಆ ವಿಷಯ ಮತ್ತೆಂದೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ.

ಎರಡು ವರ್ಷ ಕಳೆದು ಅಮ್ಮ ಹೋದರು. ಉತ್ತರಕ್ರಿಯೆ ಮುಗಿದ ವಾರ ನಾನು ವರ್ತಕರ ಮೊಮ್ಮಗನ ಬಳಿ ಹೋಗಿ ಎಲ್ಲವನ್ನೂ ಹೇಳಿದೆ.

"ಮೊದಲೇ ಹೇಳ್ಬಾರ್ದಿತ್ತಾ ಟೀಚರ್? ಉದ್ಘಾಟನೆಗೆ ಅವರನ್ನೇ ವೇದಿಕೆಯಲ್ಲಿ ಕೂರಿಸ್ತಿದ್ದೆ. ಹೆಕ್ಕುವ ಹೆಂಗಸರ ಕಣ್ಣು ಸರಿ ಇದ್ರೆ ಮಾತ್ರ ನಮ್ಮ ವ್ಯಾಪಾರ ಅಂತ ಅಜ್ಜ ಯಾವಾಗ್ಲೂ ಹೇಳ್ತಿದ್ರು."

ನಾನು ಇಷ್ಟು ಕಾಲ ಹೆದರಿದ್ದು ಯಾರಿಗೆ ಎಂದು ನನಗೇ ತಿಳಿಯಲಿಲ್ಲ.

ಹೊಸ ಫಲಕ ಮಾಡಿಸಲು ಅವರು ಒಪ್ಪಿದರು. ಹೆಂಗಸರ ಹೆಸರುಗಳನ್ನೂ ಹಾಕೋಣ, ಬರೆದು ಕೊಡಿ ಎಂದರು. ಮನೆಗೆ ಬಂದು ಕಾಗದ ಹಿಡಿದು ಕೂತೆ. ಅಮ್ಮನ ಹೆಸರು ಬರೆದೆ. ಅವರ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ಮೂವರ ಹೆಸರು ನೆನಪಾಯಿತು. ಅವರೂ ಈಗ ಇಲ್ಲ. ಉಳಿದವರ ಬಗ್ಗೆ ಅಮ್ಮ ದಿನಾ ರಾತ್ರಿ ಊಟಕ್ಕೆ ಕೂತಾಗ ಹೇಳುತ್ತಿದ್ದರು. ನಾನು ಪುಸ್ತಕ ನೋಡಿಕೊಂಡು ಉಣ್ಣುತ್ತಿದ್ದೆ.

ಫಲಕದಲ್ಲಿ ಈಗ ನಾಲ್ಕು ಹೆಸರುಗಳಿವೆ. ಅದರ ಕೆಳಗೆ "ಮತ್ತು ಇತರರು" ಎಂದು ಬರೆಯಬೇಕಾಯಿತು.