ಎಳೇ ನೀರು

ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಬಣ್ಣದ ಮೀನು ಮಾರುತ್ತಿದ್ದವರು ನನಗೆ ಗಾಜಿನ ತೊಟ್ಟಿ, ಹೊಳೆಕಲ್ಲು, ನೀರುಗಿಡ ಎಲ್ಲ ಕೊಟ್ಟರು; ಮೀನು ಮಾತ್ರ ಕೊಡಲಿಲ್ಲ. ವಾರಕ್ಕೊಮ್ಮೆ ಸೀಸೆಯಲ್ಲಿ ತೊಟ್ಟಿಯ ನೀರು ಒಯ್ದರೆ ಮೂಸಿ, ಬೆಳಕಿಗೆ ಹಿಡಿದು, "ಇನ್ನೂ ಎಳೇ ನೀರು ಕಣ್ಲಾ, ಮೀನು ಸತ್ತೋಯ್ತವೆ" ಎನ್ನುತ್ತಿದ್ದರು. ನೀರಿಗೂ ವಯಸ್ಸುಂಟೇ? ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಐದನೇ ವಾರ, ಕಲ್ಲಿಗೆಲ್ಲ ಲೋಳೆ ಕಟ್ಟಿದೆ ಎಂದು ಅಳುಕುತ್ತಲೇ ಹೇಳಿದೆ. ಅವರ ಮುಖ ಅರಳಿತು.

"ನಾಳೆ ನಾನೇ ಮೀನು ತತ್ತೀನಿ ಬುಡು."

ಮೀನಿನ ಚೀಲವನ್ನು ಸೈಕಲ್ ಹ್ಯಾಂಡಲಿಗೆ ತೂಗುಹಾಕಿಕೊಂಡು ಬಂದರು. ಹೊರಗಿನವರು ಬರುತ್ತಾರೆಂದು ಅವ್ವ ಬೆಳಿಗ್ಗೆಯೇ ಕಲ್ಲುಗಳನ್ನೆಲ್ಲ ಹಿತ್ತಾಳೆ ಬಿಂದಿಗೆಯಂತೆ ಹುಣಸೆಹಣ್ಣಿನಲ್ಲಿ ಉಜ್ಜಿ, ಹೊಸ ನೀರು ತುಂಬಿದ್ದಳು. ಅವರು ಬೆರಳು ಅದ್ದಿ ಮೂಸಿದರು. ಬೈಯಲಿಲ್ಲ.

"ತೊಳ್ದ್‌ಬುಟ್ರಾ ಅವ್ವಾ?"

"ಊಂ ಕಣಪ್ಪಾ, ಪಾಚಿ ಕಟ್ಟಿತ್ತು."

"ಹಾಲಿಗೆ ಹೆಪ್ಪಿದ್ದಂಗೆ ಕಣವ್ವಾ ಆ ಲೋಳೆ, ಅದಿದ್ರೇ ನೀರು ಬಲಿಯೋದು" ಎಂದವರೇ ಮೀನನ್ನು ವಾಪಸು ಒಯ್ದರು.

ಸಂಜೆ ಮತ್ತೆ ಬಂದು, ತಮ್ಮ ಅಂಗಡಿಯ ತೊಟ್ಟಿಯಿಂದ ತಂದ ಒಂದು ಹಿಡಿ ಲೋಳೆಗಲ್ಲನ್ನು ಅವ್ವನ ಅಂಗೈಗೆ ಸುರಿದರು. ಅವು ನೀರಿಗೆ ಬೀಳುವತನಕ ಕದಲಲಾರೆ ಎಂಬಂತೆ ಬಾಗಿಲಲ್ಲೇ ನಿಂತರು.

"ಇದ್ನ ತೊಳೀಬ್ಯಾಡ್ವೇನ್ಲಾ?" ಅವ್ವ ನನ್ನನ್ನು ಕೇಳಿದಳು. ನಾನು ಅವರ ಮುಖ ನೋಡಿದೆ.

ತೊಳೆಯದ ಕೈಯಲ್ಲಿ ಬಿಂದಿಗೆ ಮುಟ್ಟಗೊಡದ ಅವ್ವ, ಕಣ್ಣು ಮುಚ್ಚಿಕೊಂಡು ಕಲ್ಲುಗಳನ್ನು ನೀರಿಗೆ ಬಿಟ್ಟಳು. ಆಮೇಲೆ ಹುಣಸೆಹಣ್ಣು ತಂದು ತನ್ನ ಕೈ ಉಜ್ಜಿಕೊಂಡಳು.