ಏಳನೆಯ ಚಿತ್ರದ ಹಸಿರು

ಬೈಲಹೊಂಗಲದ ಬಜಾರದಲ್ಲಿ ನಿಂತು ನಿಜಾಮಸಾಬ ನದಾಫನ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ. "ಸತ್ತವರಿಗೆ ಹೊಳಪ ತರತಾನಲ್ಲ, ಆ ಫೋಟೋ ಕಟ್ಟಿನ ಸಾಬನ?" ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಮಾತು ಸುಳ್ಳಲ್ಲ. ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕಸುಬು, ಆದರೆ ಬರೀ ಕಟ್ಟು ಹಾಕಿ ಕೈ ತೊಳೆದುಕೊಳ್ಳುವ ಆಸಾಮಿ ಅವನಲ್ಲ. ಅಜ್ಜನ ಮುಖದ ಮೇಲಿನ ಕಲೆ ತೆಗೆಯುವನು, ಅಳಿಸಿಹೋದ ಅರ್ಧ ಮೀಸೆಯನ್ನು ತುಂಬುವನು. ಒಮ್ಮೆ ಯಾರದೋ ಅಜ್ಜಿಗೆ ಇಲ್ಲದ ಮೂಗುತಿ ಇಟ್ಟುಬಿಟ್ಟಿದ್ದ. ಮನೆಯವರು ಜಗಳಕ್ಕೆಂದೇ ಬಂದರು, ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತರು, "ಇರಲಿ ಬಿಡ್ರಿ, ಚಲೋನ ಕಾಣತೈತಿ" ಎಂದು ಒಯ್ದರು. ಅದೇ ನೋಡಿ ಅವನನ್ನು ಕೆಡಿಸಿದ್ದು. ಮುಟ್ಟಿದ್ದೆಲ್ಲ ಚೆಂದವಾಗುತ್ತದೆ ಎಂದು ಅರವತ್ತರ ಹತ್ತಿರ ಬಂದ ಮನುಷ್ಯ ನಂಬಿಕೊಂಡುಬಿಟ್ಟ.

ಈ ಬೇಸಿಗೆಯಲ್ಲಿ ಸವದತ್ತಿಯಿಂದ ನಿಜಗುಣಪ್ಪ ಮಾಸ್ತರರು ಅಂಗಡಿಗೆ ಬಂದರು. ವಿಜ್ಞಾನ ಕಲಿಸಿ ನಿವೃತ್ತರಾದವರು. ಬಗಲಲ್ಲಿ ರಟ್ಟಿನ ಚೀಲ, ಅದರೊಳಗೆ ಹನ್ನೆರಡು ಹಳೆಯ ಚಿತ್ರ. ಬ್ರಿಟಿಷರ ಕಾಲದಲ್ಲಿ ಯಾವನೋ ಪುಣ್ಯಾತ್ಮ ಕೂತು ಬರೆದು, ಕಲ್ಲಚ್ಚಿನಲ್ಲಿ ಬಣ್ಣಬಣ್ಣವಾಗಿ ಒತ್ತಿಸಿದ ಅಣಬೆಯ ಚಿತ್ರಗಳು. ಆರು ತಿನ್ನುವವು, ಆರು ವಿಷದವು. ಯಾವುದು ಯಾವುದೆಂದು ಚಿತ್ರದ ಮೇಲೆ ಬರೆದಿರಲಿಲ್ಲ. ಕೆಳಗೆ ಒಂದು ಅಂಕಿ, ಪಕ್ಕದಲ್ಲಿ ನಾಲಿಗೆ ತಿರುಗದ ಒಂದು ಲ್ಯಾಟಿನ್ ಹೆಸರು, ಅಷ್ಟೇ. ಅದನ್ನು ಹೇಳುವ ಪಟ್ಟಿ ಮಾಸ್ತರರ ಮನೆಯಲ್ಲಿತ್ತು.

"ಬೂಷ್ಟ ಹಿಡದೈತ್ರಿ, ನಿಜಾಮಸಾಬ್ರ. ಸ್ವಚ್ಛ ಮಾಡಿ ಕಟ್ಟ ಹಾಕಿಕೊಡ್ರಿ. ನಮ್ಮ ಸಾಲಿ ಗ್ವಾಡಿಗೆ ಹಾಕಬೇಕಂತ ಮಾಡೇನಿ" ಎಂದರು ಮಾಸ್ತರರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಚಿತ್ರವನ್ನು ಮೂಗಿನ ತುದಿಗೆ ಹಿಡಿದು ನೋಡಿ, ನಿಟ್ಟುಸಿರು ಬಿಟ್ಟು ಹೊರಟುಹೋದರು.

ನಿಜಾಮಸಾಬನಿಗೆ ಆ ಚಿತ್ರಗಳ ಹುಚ್ಚೇ ಹಿಡಿಯಿತು. ಅಣಬೆಯ ಕೊಡೆಯ ಮೇಲಿನ ಒಂದೊಂದು ಹುರುಪೆಯನ್ನೂ ಆ ಕಾಲದ ಮನುಷ್ಯ ಬಿಡದೆ ಬರೆದಿದ್ದ. ಕಾಂಡದ ಬುಡಕ್ಕೆ ಅಂಟಿದ ಮಣ್ಣಿನ ಹರಳೂ ಇತ್ತು. "ಇಂವಾ ಕೆಲಸಗಾರ ನೋಡವಾ" ಎಂದು ಮಗಳು ಫಿರದೋಸ್‌ಳನ್ನು ಕರೆಕರೆದು ತೋರಿಸಿದ. ಪಾವ್ ಬ್ರೆಡ್ಡಿನ ಒಳಗಿನ ಮೆದುವನ್ನು ಉಂಡೆ ಮಾಡಿ ಕಾಗದದ ಮೇಲೆ ಹಗುರಾಗಿ ಉರುಳಿಸಿದರೆ ಬೂಷ್ಟು ಅದಕ್ಕೆ ಅಂಟಿ ಬರುತ್ತದೆ. ಹನ್ನೊಂದು ಚಿತ್ರ ಹಾಗೇ ಸ್ವಚ್ಛವಾದವು. ಏಳನೆಯದು ಮಾತ್ರ ಹಟ ಹಿಡಿಯಿತು. ಬಿಳಿಯ ದೊಡ್ಡ ಅಣಬೆ, ನೆತ್ತಿಯ ಮೇಲೆ ಕಂದು ಹುರುಪೆ. ಪಕ್ಕದಲ್ಲೇ ಅದನ್ನು ಬೋರಲು ಮಾಡಿ ಬರೆದಿದ್ದ. ಅದರ ಒಳಪದರದ ತುಂಬ ಮಂಕು ಹಸಿರು ಬಣ್ಣ. ಎಷ್ಟು ಉರುಳಿಸಿದರೂ ಆ ಹಸಿರು ಜಪ್ಪಯ್ಯ ಅಂದರೂ ಬಿಡಲಿಲ್ಲ. ಕೈ ಅಲ್ಲಿಗೆ ನಿಲ್ಲಬೇಕಿತ್ತು.

ನಿಲ್ಲಲಿಲ್ಲ, ಯಾಕೆಂದರೆ ಆ ಅಣಬೆಯನ್ನು ಅವನು ಗುರುತು ಹಿಡಿದಿದ್ದ. ಅವನ ಅಪ್ಪ ಅರಳೆ ಹಿಂಜಲು ಬಿಲ್ಲು ಹೊತ್ತು ಊರೂರು ತಿರುಗುತ್ತಿದ್ದವನು. ಮೊದಲ ಗುಡುಗಿನ ಮಳೆ ಬಿದ್ದ ವಾರದಲ್ಲಿ ತಲೆವಸ್ತ್ರದ ತುಂಬ ಅಣಬೆ ಕಟ್ಟಿಕೊಂಡು ಬರುತ್ತಿದ್ದ. ಇಂಥದೇ ದೊಡ್ಡ ಬಿಳಿ ಅಣಬೆ, ಒಳಗೆ ಹಾಲಿನಂಥ ಬಿಳಿ ಪದರ. ನಿಜಾಮಸಾಬನಿಗೆ ಹದಿನೈದು, ತಂಗಿ ಮುಮ್ತಾಜಳಿಗೆ ಎಂಟು ಇದ್ದಾಗ ಅಪ್ಪ ತೀರಿಕೊಂಡ, ಮನೆಗೆ ಅಣಬೆ ಬರುವುದೂ ಅಂದಿಗೆ ನಿಂತಿತು. ಅಪ್ಪನ ಅಣಬೆಯ ಒಳಗೆ ಹಸಿರು ಎಲ್ಲಿಂದ ಬರಬೇಕು? ಇದು ಕಾಗದಕ್ಕೆ ಇಳಿದ ಬೂಷ್ಟೇ ಸೈ ಎಂದು ತೀರ್ಮಾನಿಸಿ, ಸಣ್ಣ ಕುಂಚ ತೆಗೆದುಕೊಂಡು, ಪದರ ಪದರಕ್ಕೂ ಬಿಳಿ ಬಣ್ಣ ಕೊಟ್ಟ. ಅದ್ಭುತವಾಗಿ ಬಂತು. ಮಾಸ್ತರರು ಬಂದು ಹನ್ನೆರಡನ್ನೂ ಒಯ್ದರು. ಪಾಪ, ಅವರಿಗೆ ಹಸಿರೂ ಅಷ್ಟೇ ಬಿಳಿಯೂ ಅಷ್ಟೇ.

ಕೊಡುವ ಮೊದಲು ಏಳನೆಯದರ ಒಂದು ಕಲರ್ ಝೆರಾಕ್ಸ್ ತೆಗೆಸಿ, ಕಟ್ಟು ಹಾಕಿ, ಬಕ್ರೀದಿಗೆ ತಂಗಿಗೆ ಕೊಟ್ಟ. ಮುಮ್ತಾಜಳ ಮನೆ ಕಿತ್ತೂರಿನ ಹೊರಗೆ, ರಸ್ತೆಯ ಪಕ್ಕದ ಹೊಲದಲ್ಲಿ. ಗಂಡ ಆಸಿಫ್ ಟೆಂಪೋ ಓಡಿಸುತ್ತಾನೆ. ಮಗ ಮತ್ತು ಸೊಸೆ ಬೆಳಗಾವಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ, ಆರು ಮತ್ತು ನಾಲ್ಕು ವರ್ಷದ ಇಬ್ಬರು ಮೊಮ್ಮಕ್ಕಳು ಅಜ್ಜಿಯ ಹತ್ತಿರವೇ. ಅಡಿಗೆಮನೆಯ ಬಾಗಿಲ ಮೇಲೆ ಚಿತ್ರ ತೂಗುಹಾಕಿ, "ಅಪ್ಪ ತರತಿದ್ದ ಅಳಬಿ ಇದ ಏನಣ್ಣ?" ಎಂದು ಕೇಳಿದ್ದಳು.

"ಇದನ. ಕಣ್ಣ ಮುಚ್ಚಿ ತಿನ್ನು" ಎಂದಿದ್ದ ನಿಜಾಮಸಾಬ.

ಜುಲೈ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮುಮ್ತಾಜಳ ಫೋನು ಬಂತು. "ಅಣ್ಣ, ನಿನ್ನ ಚಿತ್ರದಾಗಿನ ಅಳಬಿ ನಮ್ಮ ಹಿತ್ತಲದಾಗ ಎದ್ದಾವ. ತಿಪ್ಪಿ ಮಗ್ಗಲಕ ಒಂದ ಬುಟ್ಟಿ ಆಗೂವಷ್ಟು. ತೆಳಗ ಹೊಳ್ಳಿಸಿ ನೋಡಿದೆ, ಬೆಳ್ಳಗ ಅದಾವ. ಮಾಡಿ ಬಸ್ಸಿನ್ಯಾಗ ಡಬ್ಬಿ ಕಳಸತೇನಿ. ರಾತ್ರಿಯಿಂದ ಕರೆಂಟ್ ಇಲ್ಲ, ಫೋನ್ ಬಂದ್ ಆಗಾಕ ಹತ್ತೈತಿ" ಎಂದಳು. ಅವಳ ಪದ್ಧತಿಯೇ ಹಾಗೆ. ಮನೆಯಲ್ಲಿ ಹೊಸದೇನು ಮಾಡಿದರೂ ಮೊದಲ ಪಾಲು ಅಣ್ಣನಿಗೆ. ಮದುವೆಯಾದಾಗಿನಿಂದ ಕಿತ್ತೂರಿನ ಬಸ್ಸಿನ ಎಷ್ಟು ಡ್ರೈವರುಗಳು ಆ ಡಬ್ಬಿಯನ್ನು ತಂದುಕೊಟ್ಟಿದ್ದಾರೋ ಲೆಕ್ಕವಿಲ್ಲ.

ಡಬ್ಬಿ ಹನ್ನೊಂದಕ್ಕೆ ಬಂತು, ಇನ್ನೂ ಬೆಚ್ಚಗಿತ್ತು. ಜುಮ್ಮಾ ನಮಾಜಿನ ನಂತರ ಉಣ್ಣೋಣವೆಂದು ಇಟ್ಟವನಿಗೆ ವಾಸನೆ ತಡೆಯಲಿಲ್ಲ. ಎರಡು ರೊಟ್ಟಿಗೆ ಅರ್ಧ ಡಬ್ಬಿ ಮುಗಿಸಿದ. ಅಪ್ಪನ ಅಣಬೆಗಿಂತ ಸ್ವಲ್ಪ ಸಪ್ಪೆ ಅನ್ನಿಸಿತು, ನಲವತ್ತು ವರ್ಷದ ಹಿಂದಿನ ರುಚಿ ಯಾರಿಗೆ ನೆನಪಿರುತ್ತದೆ ಎಂದು ಕೈ ತೊಳೆದ. ಫಿರದೋಸ್ ಮುಟ್ಟಲಿಲ್ಲ, ಅವಳಿಗೆ ಅಣಬೆ ಎಂದರೆ ಓಕರಿಕೆ. ಅವಳು ಮೂಲೆಯಲ್ಲಿ ಕೂತು ಅಂಗಡಿಯ ಸ್ಟೇಟಸ್ ಹಾಕುತ್ತಿದ್ದಳು. ವಾರಕ್ಕೊಮ್ಮೆ, ಕೆಲಸ ಮಾಡುವ ಮೊದಲಿನದೊಂದು ಫೋಟೋ, ಆಮೇಲಿನದೊಂದು. ಇವತ್ತು ಹಾಕಿದ್ದು ಏಳನೆಯ ಚಿತ್ರ.

ಹನ್ನೆರಡೂವರೆಗೆ ಮಾಸ್ತರರ ಫೋನು ಬಂತು. ಧಾರವಾಡದಲ್ಲಿ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ್ದರಂತೆ, ಹೊಸ ಕಣ್ಣಲ್ಲಿ ಮೊದಲು ನೋಡಿದ್ದೇ ಆ ಸ್ಟೇಟಸ್ ಅಂತೆ.

"ನಿಜಾಮಸಾಬ್ರ, ಏಳನೇದರಾಗ ಹಸರ ಇತ್ತಲ್ಲ, ಅದೆಲ್ಲಿ ಹೋತು?"

"ಬೂಷ್ಟರಿ ಅದು. ಹೋಗಲಿಲ್ಲ, ಬಿಳೇ ಬಣ್ಣ ಕೊಟ್ಟೆ."

"ಅದು ಬೂಷ್ಟಲ್ರಿ. ಅದರ ಗುರ್ತನ ಆ ಹಸರು. ಎಳೇದಿದ್ದಾಗ ಬೆಳ್ಳಗ ಇರತೈತಿ, ಬಲಿತ ಮ್ಯಾಲೆ ಹಸರ ಬರತೈತಿ. ಏಳನೇದು ವಿಷದ್ದು. ಹುತ್ತದ ಮ್ಯಾಲ ಏಳೂ ಚಲೋ ಅಳಬಿ ಮೂರನೇ ಚಿತ್ರ. ಹೋಗಲಿ ಬಿಡ್ರಿ, ಸಾಲಿಗೆ ಇನ್ನೂ ಹಾಕಿಲ್ಲ."

ನಿಜಾಮಸಾಬ ಅರ್ಧ ಉಳಿದ ಡಬ್ಬಿಯತ್ತ ನೋಡಿದ. ಹುತ್ತ. ಅಪ್ಪ ಯಾವಾಗಲೂ ಹುತ್ತದ ಮಾತಾಡುತ್ತಿದ್ದ. ಮುಮ್ತಾಜ ಬೆಳಿಗ್ಗೆ ಹೇಳಿದ್ದು ತಿಪ್ಪೆ.

ಅವಳಿಗೆ ಫೋನು ಹಚ್ಚಿದ, ಬಂದ್. ಆಸಿಫನಿಗೆ ಹಚ್ಚಿದ, ಅದೂ ಬಂದ್. ಶುಕ್ರವಾರ ಮಸೀದಿಗೆ ಹೊರಟವನು ಯಾವನು ಫೋನು ಚಾಲೂ ಇಡುತ್ತಾನೆ? ಜುಮ್ಮಾ ಮುಗಿಸಿ ಎರಡರ ಹೊತ್ತಿಗೆ ಆಸಿಫ್ ಮನೆಗೆ ಬರುತ್ತಾನೆ, ಆಮೇಲೆ ಎಲ್ಲರೂ ಉಣ್ಣುತ್ತಾರೆ. ಆದರೆ ಮಕ್ಕಳು? ನಾಲ್ಕು ವರ್ಷದ ಕೂಸು ಅಜ್ಜ ಬರುವತನಕ ಹಸಿವು ತಡೆಯುತ್ತದೆಯೇ? ಮಕ್ಕಳಿಗೆ ಮೊದಲೇ ಬಡಿಸುತ್ತಾಳೆ. ಬಡಿಸಿರುತ್ತಾಳೆ.

"ಸ್ಕೂಟಿ ತಗಿ" ಎಂದ. ಅಂಗಡಿಯ ಶಟರ್ ಕೂಡ ಎಳೆಯಲಿಲ್ಲ.

"ಅಪ್ಪ, ಅರ್ಧ ಡಬ್ಬಿ ನೀನ ತಿಂದಿ. ಮೊದಲ ದವಾಖಾನಿಗೆ ಹೋಗೂಣು" ಎಂದಳು ಫಿರದೋಸ್.

"ಕಿತ್ತೂರಾಗೂ ದವಾಖಾನಿ ಅದಾವ. ನಡಿ."

ಮಳೆ ಹನಿಯುತ್ತಿತ್ತು. ಫಿರದೋಸ್ ಗಾಡಿಯನ್ನು ಹಿಂಡಿದಳು. ಹಿಂದೆ ಕೂತ ನಿಜಾಮಸಾಬ ನಿಮಿಷಕ್ಕೊಮ್ಮೆ ಎರಡೂ ನಂಬರು ಒತ್ತುತ್ತಿದ್ದ. ಕಬ್ಬಿನ ಟ್ರ್ಯಾಕ್ಟರ್ ಕೆಡಿಸಿಟ್ಟ ರಸ್ತೆ, ತಗ್ಗಿನಲ್ಲೆಲ್ಲ ನೀರು. ಮಾಸ್ತರರು ತಪ್ಪು ಹೇಳಿರಬಹುದು, ಮುದುಕರು, ನಿನ್ನೆಯಷ್ಟೇ ಆಪರೇಷನ್ ಆದ ಕಣ್ಣು, ಎಂದು ಅವನು ಮನಸ್ಸಿನಲ್ಲೇ ವಾದ ಹೂಡಿದ್ದ. ಅರ್ಧ ದಾರಿ ದಾಟುವುದರೊಳಗೆ ಹೊಟ್ಟೆಯೇ ಮಾಸ್ತರರ ಪರ ಸಾಕ್ಷಿ ಹೇಳಿತು. ಕರುಳನ್ನು ಯಾರೋ ಹಿಡಿದು ತಿರುವಿದಂತಾಯಿತು. ಮೈಯೆಲ್ಲ ಬೆವರು ಕಿತ್ತು ಬಂತು.

"ನಿಲ್ಲಸು" ಎಂದ. ಇಳಿದು ರಸ್ತೆಯ ಬದಿಗೆ ಬಗ್ಗಿ ವಾಂತಿ ಮಾಡಿದ. ಎದ್ದು ನಿಂತ, ಮತ್ತೆ ಬಗ್ಗಿದ. ಫಿರದೋಸ್ ಅವನ ಬೆನ್ನು ಹಿಡಿದು ಅಳುತ್ತ, "ಹೊಳ್ಳಿ ಹೋಗೂಣಪ್ಪ, ನನ್ನ ಮಾತ ಕೇಳು" ಎಂದಳು.

"ನನಗ ಹಿಂಗಾದ್ರ ಆ ಹುಡುಗ್ಯಾರಿಗೆ ಏನಾಗತೈತಿ, ವಿಚಾರ ಮಾಡು. ಹತ್ತ ಕಿಲೋಮೀಟರ್ ಐತಿ. ನಿನ್ನ ಓಡನಿಲೆ ನನ್ನ ಕಟಗೋ, ಹೊಡಿ ಗಾಡಿ" ಎಂದ.

ಅವಳು ಹೆಗಲ ಮೇಲಿನ ಓಡನಿಯ ಒಂದು ತುದಿಯನ್ನು ತನ್ನ ನಡುವಿಗೂ ಇನ್ನೊಂದನ್ನು ಅವನ ನಡುವಿಗೂ ಸುತ್ತಿ ಗಂಟು ಹಾಕಿದಳು. ಆಮೇಲೆ ಎರಡು ಸಲ ನಿಲ್ಲಿಸಬೇಕಾಯಿತು. ಎರಡನೆಯ ಸಲ ಅವನಿಗೆ ತಾನೇ ಎದ್ದು ನಿಲ್ಲಲು ಆಗಲಿಲ್ಲ. ಕಣ್ಣು ಮುಚ್ಚಿದರೆ ಸಣ್ಣ ಕುಂಚವೇ ಕಾಣುತ್ತಿತ್ತು, ಒಂದೊಂದೇ ಪದರದ ಮೇಲೆ ಎಷ್ಟು ಚೆಂದಾಗಿ, ಎಷ್ಟು ಜಂಬದಿಂದ ಓಡಿತ್ತು ಅದು. ಆ ಕೈಯನ್ನು ಕಡಿದು ಒಗೆಯಬೇಕು ಅನ್ನಿಸಿತು.

ಮನೆ ಮುಟ್ಟಿದಾಗ ಒಂದೂ ನಲವತ್ತು. ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಇಬ್ಬರು ಹುಡುಗಿಯರೂ ತಾಟು ಮುಂದಿಟ್ಟುಕೊಂಡು ಕೂತಿದ್ದರು. ಸಣ್ಣವಳ ಬಾಯಿ ತುಂಬಿತ್ತು. ನಿಜಾಮಸಾಬ ಹೊಸ್ತಿಲಲ್ಲೇ ಕುಸಿದು, ಅಂಬೆಗಾಲಲ್ಲೇ ಹೋಗಿ ಅವಳ ತಾಟಿಗೆ ಕೈ ಹಾಕಿದ. ಬೆರಳಿಗೆ ಹತ್ತಿದ್ದು ಮೊಸರನ್ನ.

"ಅಳಬಿ ಎಲ್ಲಿ?" ಎಂದ. ಫಿರದೋಸ್ ಅದನ್ನೇ ಗಟ್ಟಿಯಾಗಿ ಕೇಳಿದಳು.

ಮುಮ್ತಾಜ ಒಳಗಿನಿಂದ ಬಂದವಳು ಅಣ್ಣನ ಬಣ್ಣ ನೋಡಿ ಗೋಡೆ ಹಿಡಿದುಕೊಂಡಳು. "ಒಲಿ ಮ್ಯಾಲ ಐತಿ. ಮುಚ್ಚಿಟ್ಟೇನಿ. ಯಾರೂ ಮುಟ್ಟಿಲ್ಲ."

"ಯಾಕ?"

ಅವಳು ತಲೆ ತಗ್ಗಿಸಿದಳು. "ಅಂಜಿಕಿ ಆತಣ್ಣ. ನೀ ಕೊಟ್ಟ ಚಿತ್ರ ನಂಬಿದೆ, ಮಾಡಿದೆ. ಹುಡುಗ್ಯಾರ ತಾಟಿಗೆ ಹಾಕೂ ಮುಂದ ಕೈ ಬರಲಿಲ್ಲ. ನೀ ಉಂಡಿರತಿ, ಚಲೋ ಐತಿ ಅಂತ ಫೋನ್ ಮಾಡತಿ, ಆಮ್ಯಾಲೆ ಬಡಸೂಣು ಅಂತ ಕುಂತೆ. ಫೋನ್ ಬಂದ್ ಐತಿ ಅಂಬೂದ ಮರತೇ ಬಿಟ್ಟಿದ್ದೆ." ಆಮೇಲೆ ತಾನು ಏನು ಹೇಳಿದೆ ಎಂಬುದು ಅವಳಿಗೇ ತಿಳಿಯಿತು. ಮುಖ ಮುಚ್ಚಿಕೊಂಡು ಕೆಳಗೆ ಕುಳಿತಳು. "ಯಾ ಅಲ್ಲಾ, ನಾ ನಿನಗ ಮೊದಲ ತಿನ್ನಿಸಿ ನೋಡಿದೆನಲ್ಲೋ ಅಣ್ಣ."

ಇಷ್ಟು ವರ್ಷ ಮೊದಲ ಪಾಲು ತಿಂದ ಅಣ್ಣ ನೆಲದ ಮೇಲೆ ಮಲಗಿದ್ದಲ್ಲಿಂದಲೇ ಅವಳನ್ನು ನೋಡಿದ. ನೋವಾಯಿತೇ ಎಂದರೆ ಒಂದು ಕ್ಷಣ ಆಯಿತು. ಆದರೆ ಸಣ್ಣವಳು ಅಷ್ಟರಲ್ಲಿ ಮತ್ತೊಂದು ತುತ್ತು ಬಾಯಿಗೆ ಹಾಕಿಕೊಂಡು, ಅಜ್ಜ ಯಾಕೆ ನೆಲದ ಮೇಲೆ ಮಲಗಿದ್ದಾನೆಂದು ಕೇಳಿದಳು.

"ಚಲೋ ಮಾಡಿದಿ ಮುಮ್ತಾಜ. ಭಾಳ ಚಲೋ ಮಾಡಿದಿ" ಎಂದ. ಅವನ ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು.

ಕಿತ್ತೂರಿನ ದವಾಖಾನೆಯಲ್ಲಿ ಎರಡು ದಿನ ಸಲೈನು ಏರಿಸಿದರು. ದೊಡ್ಡವರಾದ್ದರಿಂದ ತಡೆದುಕೊಂಡಿರಿ, ಸಣ್ಣ ಮಕ್ಕಳಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರರು. ಆಸಿಫ್ ಗಡಿಗೆಯ ಸಮೇತ ಅಣಬೆಯನ್ನು ಹೂತುಬಂದ.

ವಾರ ಕಳೆದ ಮೇಲೆ ನಿಜಾಮಸಾಬ ಸವದತ್ತಿಗೆ ಹೋಗಿ ಮಾಸ್ತರರ ಪಡಸಾಲೆಯಲ್ಲಿ ಕೂತು ಏಳನೆಯ ಚಿತ್ರದ ಕಟ್ಟು ಬಿಚ್ಚಿದ. ಹಸಿರನ್ನು ಮತ್ತೆ ಬಳಿಯುತ್ತಾನೆಂದು ಮಾಸ್ತರರು ಬಣ್ಣ ತರಿಸಿಟ್ಟಿದ್ದರು. ಅವನು ಬಣ್ಣ ಮುಟ್ಟಲಿಲ್ಲ. ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ತಾನು ಕೊಟ್ಟ ಬಿಳಿಯನ್ನು ಪದರ ಪದರವಾಗಿ ಒರೆಸತೊಡಗಿದ. ಕಲ್ಲಚ್ಚಿನ ಬಣ್ಣ ನೀರಿಗೆ ಹೋಗುವಂಥದಲ್ಲ. ಆ ಹಳೆಯ ಕೆಲಸಗಾರನ ಹಸಿರು ಇಟ್ಟಲ್ಲೇ ಇತ್ತು. ಮಾಸ್ತರರು ಹೊಸ ಕಣ್ಣಿನಿಂದ ಅದನ್ನು ಎಷ್ಟೋ ಹೊತ್ತು ನೋಡಿದರು.

ಈಗ ಅಂಗಡಿಗೆ ಯಾರು ಏನು ತಂದರೂ, "ಇದು ಕಲೆನೋ ಬಣ್ಣನೋ, ನೀವ ಹೇಳ್ರಿ" ಎಂದು ಹತ್ತು ಸಲ ಕೇಳಿ ಜೀವ ತಿನ್ನುತ್ತಾನೆ. ಮುಮ್ತಾಜ ಆ ಝೆರಾಕ್ಸನ್ನು ಒಲೆಗೆ ಹಾಕಲು ಹೊರಟಿದ್ದಳು, ಅವನು ಬಿಡಲಿಲ್ಲ. ಹಸಿರಿರುವ ಹೊಸ ಝೆರಾಕ್ಸ್ ತೆಗೆಸಿ, ಅದೇ ಕಟ್ಟಿನಲ್ಲಿ ಕೂಡಿಸಿ, ಅದೇ ಬಾಗಿಲ ಮೇಲೆ ಹಾಕಿದ್ದಾನೆ. ಡಬ್ಬಿಯೂ ಮೊದಲಿನಂತೆ ಬಸ್ಸಿನಲ್ಲಿ ಬರುತ್ತದೆ, ಆದರೆ ಈಗ ಮುಮ್ತಾಜ ತಾನು ಮೊದಲು ಉಂಡು ಆಮೇಲೆ ಕಳಿಸುತ್ತಾಳೆ. ಚಿತ್ರದ ಕೆಳಗೆ, ಲ್ಯಾಟಿನ್ ಹೆಸರು ಇರುವ ಜಾಗದಲ್ಲಿ, ಆರು ವರ್ಷದ ಹುಡುಗಿಯೂ ಓದುವಷ್ಟು ದಪ್ಪ ಕನ್ನಡ ಅಕ್ಷರದಲ್ಲಿ ಹೀಗೆ ಬರೆದಿದ್ದಾನೆ: "ವಿಷದ ಅಣಬೆ. ತಿಂದು ನೋಡಿ ಬರೆದವನು ನಿಜಾಮಸಾಬ ನದಾಫ, ಬೈಲಹೊಂಗಲ."